ಪಾಸ್‌ವರ್ಡ್ ಮರೆತರೆ ಒಟಿಪಿ ಬರುತ್ತಲ್ಲ? ಯುಪಿಐ ಕೈಗಳಿಗೆ ಬ್ರೌಸರ್ ವಾಲೆಟ್ ಕಟ್ಟುವ ಬಗೆ

ಪ್ರಶ್ನೆ: ಎಚ್‌ಎಸ್‌ಆರ್ ಲೇಔಟ್‌ನಲ್ಲಿ ನಮ್ಮದು ನಾಲ್ಕು ಜನರ ತಂಡ. ಡೆಸ್ಕ್‌ಟಾಪ್ ಕ್ರೋಮ್‌ಗೆ ಇಥೀರಿಯಂ (ಈಥರ್ ಎಂಬ ಕ್ರಿಪ್ಟೊ ಹಣದ ಜಾಲ) ವಾಲೆಟ್ ಎಕ್ಸ್‌ಟೆನ್ಷನ್ ಒಂದನ್ನು ಮಾಡುತ್ತಿದ್ದೇವೆ, ಕನ್ನಡದಲ್ಲೂ ಇರಬೇಕೆಂಬ ಆಸೆ. ದಿನಾ ಯುಪಿಐ ಬಳಸುವ ಎಂಟು ಜನರ ಕೈಗೆ ಕೊಟ್ಟು ನೋಡಿದೆವು. ವಾಲೆಟ್ ಮರಳಿ ತೆರೆಯುವ 12 ಗುಪ್ತ ಪದಗಳನ್ನು (ಇವು ಸಿಕ್ಕವರಿಗೆ ಹಣವೂ ಸಿಕ್ಕಂತೆ) ತೋರಿಸಿದಾಗ ಐದು ಜನ ಸ್ಕ್ರೀನ್‌ಶಾಟ್ ಹೊಡೆದರು. ವ್ಯವಹಾರಕ್ಕೆ ಡಿಜಿಟಲ್ ಸಹಿ ಕೇಳುವ ಕಿಟಕಿ ಬಂದಾಗ ಹೆಚ್ಚಿನವರು ಓದದೆ ‘ಒಪ್ಪಿಗೆ’ ಒತ್ತಿದರು. ಒಬ್ಬರಂತೂ ‘ಪಾಸ್‌ವರ್ಡ್ ಮರೆತರೆ ಒಟಿಪಿ ಬರುತ್ತಲ್ಲ?’ ಅಂತ ಕೇಳಿದರು. ಪರದೆಗಳನ್ನು ಕಡಿಮೆ ಮಾಡೋಣ ಅನ್ನುತ್ತಾರೆ ನಮ್ಮ ಡಿಸೈನರ್. ಎಚ್ಚರಿಕೆಗಳನ್ನು ಹೆಚ್ಚಿಸೋಣ ಅನ್ನುತ್ತಾರೆ ಎಂಜಿನಿಯರ್. ಯಾರ ಮಾತು ಕೇಳಬೇಕು?

ಉತ್ತರ: ಇಬ್ಬರದ್ದೂ ಅರ್ಧ ಸರಿ. ತಪ್ಪಾದರೆ ತಿದ್ದಿಕೊಳ್ಳಬಹುದಾದ ಕಡೆಯೆಲ್ಲ ಪರದೆ ಕಡಿಮೆ ಮಾಡಿ. ತಿದ್ದಲಾಗದ ಕಡೆ ಬೇಕೆಂದೇ ಕೈ ತಡೆಯಿರಿ. ಆದರೆ ಆ ತಡೆ ಕೆಂಪು ಬಣ್ಣದ ಎಚ್ಚರಿಕೆಯಿಂದ ಬರುವುದಿಲ್ಲ, ಈಗ ಕೈಬಿಟ್ಟು ಹೋಗುವುದು ಏನು ಎಂದು ನೆಟ್ಟಗೆ ಹೇಳುವ ಒಂದು ವಾಕ್ಯದಿಂದ ಬರುತ್ತದೆ. ತಿದ್ದಲಾಗದ ಜಾಗಗಳು ವಾಲೆಟ್‌ನಲ್ಲಿ ಮೂರೇ: 12 ಪದಗಳನ್ನು ಒಪ್ಪಿಸುವಾಗ, ವಿಳಾಸ ಹಾಕಿ ಕಳುಹಿಸುವಾಗ, ಯಾವುದೋ ಜಾಲತಾಣ ಸಹಿ ಕೇಳಿದಾಗ.

ನಿಮ್ಮ ಎಂಟೂ ಜನ ದಡ್ಡರಲ್ಲ, ಅವರ ಕೈ ಯುಪಿಐಗೆ ಪಳಗಿದೆ. ಅಲ್ಲಿ ಐಡಿ ಹಾಕಿದ ಕೂಡಲೇ ಎದುರಿನವರ ಹೆಸರು ಬರುತ್ತದೆ. ಪಿನ್ ಮರೆತರೆ ಡೆಬಿಟ್ ಕಾರ್ಡ್ ವಿವರ ಮತ್ತು ಒಟಿಪಿ ಕೊಟ್ಟು ಹೊಸದನ್ನು ಇಟ್ಟುಕೊಳ್ಳಬಹುದು. ಎಡವಟ್ಟಾದರೆ ದೂರು ಕೊಡಲು ನಡುವೆ ಒಂದು ಬ್ಯಾಂಕ್ ಇರುತ್ತದೆ. ಹಣ ತೆರೆಯುವ ಗುಪ್ತ ಕೀಲಿ ಬಳಕೆದಾರರ ಕೈಯಲ್ಲೇ ಇರುವ ವಾಲೆಟ್‌ನಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಹಾಗಾಗಿ ನಿಮ್ಮ ಪ್ರತಿ ಪರದೆಯನ್ನೂ ‘ಯುಪಿಐ ಬಳಸುವವರು ಇಲ್ಲಿ ಏನೆಂದು ಊಹಿಸಿಕೊಳ್ಳುತ್ತಾರೆ?’ ಎಂಬ ಒಂದೇ ಪ್ರಶ್ನೆಯಿಂದ ಪರೀಕ್ಷಿಸಿ.

ಸ್ಕ್ರೀನ್‌ಶಾಟ್‌ನಿಂದ ಶುರು ಮಾಡೋಣ. ಅದನ್ನು ತಡೆಯುವ ಉಪಾಯ ಬ್ರೌಸರ್ ಎಕ್ಸ್‌ಟೆನ್ಷನ್‌ಗೆ ಇಲ್ಲ. ಕಡಿಮೆ ಮಾಡಬಹುದು, ಅಷ್ಟೆ. ಮೊದಲನೆಯದಾಗಿ, ಇನ್‌ಸ್ಟಾಲ್ ಮಾಡಿದ ಮೊದಲ ನಿಮಿಷದಲ್ಲೇ ಪದಗಳನ್ನು ತೋರಿಸಬೇಡಿ. ಆಗ ಖಾತೆಯಲ್ಲಿ ಕಾಸಿಲ್ಲ, ಕೈಯಲ್ಲಿ ಪೆನ್ನಿಲ್ಲ, ಮುಂದಿನ ಪರದೆ ನೋಡುವ ಆತುರವೊಂದೇ ಇರುತ್ತದೆ. ವಾಲೆಟ್ ತೆರೆಯಲಿ, ಒಳಗೆ ಅಡ್ಡಾಡಲಿ. ‘ನನ್ನ ವಿಳಾಸ ತೋರಿಸು’ ಎಂದು ಮೊದಲ ಸಲ ಒತ್ತಿದಾಗ, ಇಲ್ಲವೇ ಮೊದಲ ಜಾಲತಾಣ ಸಂಪರ್ಕ ಕೇಳಿದಾಗ, ಅಲ್ಲಿ ನಿಲ್ಲಿಸಿ. ವಿಳಾಸ ಹೊರಗೆ ಹೋಗದೆ ಹಣ ಒಳಗೆ ಬರುವಂತಿಲ್ಲ, ಆದ್ದರಿಂದ ಬ್ಯಾಕಪ್ ತಪ್ಪಿಸಿಕೊಂಡು ಯಾರೂ ದುಡ್ಡು ಕಳೆದುಕೊಳ್ಳಲಾರರು. ಎರಡನೆಯದಾಗಿ, 12ನ್ನೂ ಒಟ್ಟಿಗೆ ತೋರಿಸದೆ ನಾಲ್ಕು ನಾಲ್ಕರಂತೆ ಮೂರು ಸಲ ತೋರಿಸಿ. ಬರೆಯುವವರ ಕೈ ಓಟಕ್ಕೆ ಅದು ಹೊಂದುತ್ತದೆ, ಸ್ಕ್ರೀನ್‌ಶಾಟ್ ಹೊಡೆಯುವವರಿಗೆ ಮೂರು ಪಟ್ಟು ಕೆಲಸ. ಸಂಖ್ಯೆ ಹಾಕಿದ 12 ಖಾಲಿ ಮನೆಗಳ ಹಾಳೆಯನ್ನು ಮುದ್ರಿಸಿಕೊಳ್ಳಲು ಕೊಡಿ. ಪದಗಳ ಸಮೇತ ಮುದ್ರಿಸುವ ಗುಂಡಿ ಮಾತ್ರ ಬೇಡ, ಜೆರಾಕ್ಸ್ ಅಂಗಡಿಯ ಕಂಪ್ಯೂಟರ್‌ನಲ್ಲಿ ಆ ಕಡತ ಉಳಿದುಬಿಡುತ್ತದೆ. ನಕಲು ಗುಂಡಿಯೂ ಬೇಡ.

ಬರೆದಾದ ಮೇಲೆ ಪರೀಕ್ಷೆ. ಹನ್ನೆರಡನ್ನೂ ಟೈಪ್ ಮಾಡಿಸುವುದು ಶಿಕ್ಷೆ. ಯಾವುದಾದರೂ ಮೂರು ಸ್ಥಾನ ಆರಿಸಿ, ಪ್ರತಿಯೊಂದಕ್ಕೂ ನಾಲ್ಕು ಪದ ಕೊಟ್ಟು ಸರಿಯಾದದ್ದನ್ನು ಒತ್ತಿಸಿ. ತಪ್ಪು ಪದಗಳನ್ನೂ ಆ 12ನ್ನು ಆರಿಸಿದ 2048 ಪದಗಳ ಪಟ್ಟಿಯಿಂದಲೇ ತೆಗೆಯಿರಿ, ಇಲ್ಲದಿದ್ದರೆ ಹಾಳೆ ನೋಡದೆ ಊಹಿಸಿಬಿಡುತ್ತಾರೆ.

ಭಾಷೆಯ ವಿಷಯ ಇಲ್ಲಿ ಬರುತ್ತದೆ. ಈ ಪದಪಟ್ಟಿಗಳನ್ನು ನಿಗದಿ ಮಾಡುವ ಬಿಐಪಿ-39 ಮಾನದಂಡದಲ್ಲಿ ಇಂಗ್ಲಿಷ್, ಜಪಾನಿ, ಕೊರಿಯನ್, ಸ್ಪ್ಯಾನಿಷ್, ಚೀನಿ, ಫ್ರೆಂಚ್, ಇಟಾಲಿಯನ್ ಮುಂತಾದ ಪಟ್ಟಿಗಳಿವೆ, ಭಾರತದ ಯಾವ ಭಾಷೆಯದೂ ಇಲ್ಲ. ಕನ್ನಡಾಭಿಮಾನದಿಂದ ‘ಆ್ಯಪಲ್’ ಜಾಗದಲ್ಲಿ ‘ಸೇಬು’ ಅಂತ ಹಾಕುವ ಯೋಚನೆ ಬಂದಿದ್ದರೆ ಬಿಟ್ಟುಬಿಡಿ. ಕೀಲಿ ಹುಟ್ಟುವುದು ಅಕ್ಷರಗಳಿಂದಲೇ, ಅರ್ಥದಿಂದಲ್ಲ. ಬೇರೆ ಯಾವ ವಾಲೆಟ್‌ಗೆ ಹೋದರೂ ಆ ಹಾಳೆ ಕೆಲಸಕ್ಕೆ ಬಾರದು. ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಕೊಡುವುದೂ ನನಗೆ ಒಪ್ಪಿಗೆಯಿಲ್ಲ. ಕೆಲವರು ಅದನ್ನೇ ಬರೆದಿಟ್ಟುಕೊಂಡು, ಎರಡು ವರ್ಷದ ನಂತರ ಸ್ಪೆಲಿಂಗ್‌ಗೆ ತಿರುಗಿಸುವಾಗ ಎಡವುತ್ತಾರೆ. ಇಂಗ್ಲಿಷ್ ಲಿಪಿಯಲ್ಲೇ, ಅಗಲವಾಗಿ, 20 ಪಿಕ್ಸೆಲ್‌ಗಿಂತ ಚಿಕ್ಕದಾಗದಂತೆ ತೋರಿಸಿ. ವಿವರಣೆ ಕನ್ನಡದಲ್ಲಿರಲಿ.

ಮರಳಿ ಪಡೆಯುವ ಪರದೆಗೆ ಒಂದು ಅನುಕೂಲವಿದೆ: ಇಂಗ್ಲಿಷ್ ಪಟ್ಟಿಯ ಯಾವ ಎರಡು ಪದಕ್ಕೂ ಮೊದಲ ನಾಲ್ಕು ಅಕ್ಷರ ಒಂದೇ ಇಲ್ಲ. ಆದ್ದರಿಂದ ನಾಲ್ಕು ಅಕ್ಷರ ಒತ್ತುತ್ತಿದ್ದಂತೆ ಪದ ತಾನೇ ತುಂಬಿಕೊಳ್ಳಲಿ. 12 ಪದಗಳಲ್ಲಿರುವುದು 132 ಬಿಟ್: 128 ಯಾದೃಚ್ಛಿಕ (ರ್‍ಯಾಂಡಮ್), 4 ತಾಳೆಗಾಗಿ (ಪದಗಳು ಸರಿಯೇ ಎಂದು ನೋಡಲು). ತಾಳೆಗೆ ನಾಲ್ಕೇ ಬಿಟ್ ಇರುವುದರಿಂದ ಒಂದು ಪದ ತಪ್ಪಾಗಿದ್ದರೂ ಸುಮಾರು 16ರಲ್ಲಿ ಒಂದು ಸಲ ‘ಸರಿ’ ಎಂದೇ ಬರುತ್ತದೆ, ಖಾಲಿ ವಾಲೆಟ್ ತೆರೆದುಕೊಳ್ಳುತ್ತದೆ, ‘ದುಡ್ಡು ಹೋಯಿತು’ ಎಂದು ನಿಮಗೆ ಫೋನ್ ಬರುತ್ತದೆ. ಅದಕ್ಕೆ ಮುಗಿಸುವ ಮೊದಲು ವಿಳಾಸವನ್ನೂ ಖಾತೆಯಲ್ಲಿರುವ ಹಣವನ್ನೂ ತೋರಿಸಿ ‘ಇದು ನಿಮ್ಮದೇ ತಾನೇ?’ ಎಂದು ಕೇಳಿ. ಹಾಗೆಯೇ ಆ 12 ಮನೆಗಳು ಪಾಸ್‌ವರ್ಡ್ ಬಗೆಯ ಮನೆಗಳಾಗಿರಬೇಕು. ಸಾಮಾನ್ಯ ಪಠ್ಯದ ಮನೆಯಲ್ಲಿ ಬರೆದದ್ದನ್ನು ಬ್ರೌಸರ್ ತನ್ನ ಸೆಷನ್ ಮರಳಿ ತೆರೆಯುವ ಸೌಲಭ್ಯಕ್ಕಾಗಿ ಡಿಸ್ಕ್‌ಗೆ ಬರೆದಿಡಬಹುದು. 2022ರಲ್ಲಿ ‘ಡೆಮಾನಿಕ್’ ಎಂದು ಹೆಸರಾದ ದೋಷ ಇದೇ, ಮೆಟಾಮಾಸ್ಕ್ ಸೇರಿ ಹಲವು ವಾಲೆಟ್‌ಗಳು ತಿದ್ದಿಕೊಳ್ಳಬೇಕಾಯಿತು. ಕಾಗುಣಿತ ತಪಾಸಣೆಯನ್ನೂ ಆರಿಸಿಬಿಡಿ, ಕ್ರೋಮ್‌ನ ಸುಧಾರಿತ ತಪಾಸಣೆ ಬರೆದದ್ದನ್ನು ಸರ್ವರ್‌ಗೆ ಕಳುಹಿಸುತ್ತದೆ.

ಯಾದೃಚ್ಛಿಕತೆಯ ಬಗ್ಗೆ ಒಂದೇ ಮಾತು: ಬ್ರೌಸರ್‌ನ ಕ್ರಿಪ್ಟೊ ಎಪಿಐ (ಗೂಢಲಿಪಿ ಕೆಲಸಕ್ಕೆ ಬ್ರೌಸರ್‌ನಲ್ಲೇ ಇರುವ ಸೌಲಭ್ಯ) ಕೊಡುವ ಬಿಟ್‌ಗಳನ್ನೇ ಬಳಸಿ, ನಡುವೆ ನಿಮ್ಮದೊಂದು ಜಾಣತನ ಬೇಡ. 2022ರ ನವೆಂಬರ್‌ನಲ್ಲಿ ಟ್ರಸ್ಟ್ ವಾಲೆಟ್‌ನ ಎಕ್ಸ್‌ಟೆನ್ಷನ್ ಕೆಲವು ದಿನ 32 ಬಿಟ್ ಬೀಜದಿಂದ ಕೀಲಿ ಹುಟ್ಟಿಸಿತು. ಒಟ್ಟು ಸಾಧ್ಯತೆ ಸುಮಾರು 429 ಕೋಟಿ, ಅಂದರೆ ಕಂಪ್ಯೂಟರ್ ಕುಳಿತು ಎಣಿಸಿ ಮುಗಿಸಬಹುದಾದಷ್ಟು.

ಈಗ ಒಟಿಪಿ ಕೇಳಿದವರ ಪ್ರಶ್ನೆ. ಅವರನ್ನು ಹಾಗೆ ಕೇಳಿಸಿದ್ದು ಬಹುಶಃ ನಿಮ್ಮ ಬೀಗದ ಪರದೆಯ ಕೆಳಗಿರುವ ‘ಪಾಸ್‌ವರ್ಡ್ ಮರೆತಿರಾ?’ ಎಂಬ ಸಾಲೇ. ಆ ಸಾಲಿಗೆ ಹದಿನೈದಿಪ್ಪತ್ತು ವರ್ಷದಿಂದ ಒಂದೇ ಅರ್ಥ: ಒತ್ತಿದರೆ ಯಾರೋ ಹೊಸದು ಕಳುಹಿಸುತ್ತಾರೆ. ಅದನ್ನು ತೆಗೆದು ‘ಹಾಳೆಯಲ್ಲಿ ಬರೆದಿಟ್ಟ 12 ಪದಗಳಿಂದ ತೆರೆಯಿರಿ’ ಎಂದು ಹಾಕಿ. ಪಾಸ್‌ವರ್ಡ್ ಇಡುವ ಪರದೆಯಲ್ಲಿ ಇಷ್ಟು ಹೇಳಿ ಸಾಕು: ‘ಇದು ಈ ಕಂಪ್ಯೂಟರ್‌ನ ಬೀಗ ಮಾತ್ರ. ಬೇರೆ ಕಂಪ್ಯೂಟರ್‌ನಲ್ಲಿ ನಡೆಯದು. ಮರೆತರೆ ನಾವು ಕೊಡಲಾರೆವು, ನಿಮ್ಮ ಹಾಳೆ ಕೊಡುತ್ತದೆ.’

ಒಳಗಿನ ಕೆಲಸಕ್ಕೆ ಅಂಕಿಗಳು ಇಲ್ಲಿವೆ. ಪಾಸ್‌ವರ್ಡ್‌ನಿಂದ ಕೀಲಿ ತೆಗೆಯಲು ಎಸ್‌ಎಚ್‌ಎ-256 ಜೊತೆ ಪಿಬಿಕೆಡಿಎಫ್2 (ಪಾಸ್‌ವರ್ಡ್ ಊಹಿಸುವವರನ್ನು ನಿಧಾನ ಮಾಡುವ ವಿಧಾನ) ಬಳಸುವುದಾದರೆ 6,00,000 ಸುತ್ತು ಎಂಬುದು ವೆಬ್ ಭದ್ರತೆಯ ಓವಾಸ್ಪ್ ಸಂಸ್ಥೆಯ ಶಿಫಾರಸು. ಪ್ರತಿ ಇನ್‌ಸ್ಟಾಲ್‌ಗೂ ಬೇರೆಯದೇ 16 ಬೈಟ್ ಸಾಲ್ಟ್ (ಪಾಸ್‌ವರ್ಡ್ ಜೊತೆ ಬೆರೆಸುವ ಯಾದೃಚ್ಛಿಕ ಬಿಟ್‌ಗಳು), ಗೂಢಲಿಪಿಗೆ 256 ಬಿಟ್ ಎಇಎಸ್-ಜಿಸಿಎಂ, ಪ್ರತಿ ಸಲ ಹೊಸ 12 ಬೈಟ್ ಆರಂಭಿಕ ಸಂಖ್ಯೆ. ಅದೇ ಕೀಲಿಯ ಜೊತೆ ಆ ಸಂಖ್ಯೆ ಮತ್ತೆ ಬಂದರೆ ಜಿಸಿಎಂನ ಭದ್ರತೆ ಕುಸಿಯುತ್ತದೆ. ಸುತ್ತಿನ ಸಂಖ್ಯೆಯನ್ನೂ ಕಡತದ ಆವೃತ್ತಿಯನ್ನೂ ಜೊತೆಗೇ ಬರೆದಿಡಿ, ಮುಂದೆ ಹೆಚ್ಚಿಸುವಾಗ ಹಳೆಯ ಬಳಕೆದಾರರು ಬೀದಿಗೆ ಬೀಳಬಾರದು. ಇಷ್ಟು ಸುತ್ತಿಗೆ ಹಳೆಯ ಲ್ಯಾಪ್‌ಟಾಪ್ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಗುಂಡಿಯ ಮೇಲೆ ‘ತೆರೆಯುತ್ತಿದೆ’ ಎಂದು ಬರದಿದ್ದರೆ ಜನ ನಾಲ್ಕು ಸಲ ಒತ್ತುತ್ತಾರೆ.

ಡೆಸ್ಕ್‌ಟಾಪ್ ಬ್ರೌಸರ್‌ನದೇ ಒಂದು ಕಾಟವಿದೆ. ಟೂಲ್‌ಬಾರ್‌ನಿಂದ ಇಳಿಯುವ ಪುಟ್ಟ ಕಿಟಕಿ ಕ್ರೋಮ್‌ನಲ್ಲಿ ಹೆಚ್ಚೆಂದರೆ 800×600 ಪಿಕ್ಸೆಲ್. ಹೊರಗೆಲ್ಲಾದರೂ ಒತ್ತಿದರೆ ಮುಚ್ಚಿಹೋಗುತ್ತದೆ. ವಿಳಾಸ ತರಲೆಂದು ಬೇರೆ ಟ್ಯಾಬ್‌ಗೆ ಹೋಗಿ ಬಂದವರು ತುಂಬಿದ್ದೆಲ್ಲ ಮಾಯವಾದದ್ದನ್ನು ಕಂಡು ವಾಲೆಟ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಹಾಗಾಗಿ ಹೊಸ ಖಾತೆ ತೆರೆಯುವುದು, ಪದ ಬರೆದುಕೊಳ್ಳುವುದು, ಮರಳಿ ಪಡೆಯುವುದು ಇವೆಲ್ಲ ಪೂರ್ತಿ ಟ್ಯಾಬ್‌ನಲ್ಲಿ. ಸಹಿ ಕೇಳುವುದು ಬೇರೆ ಕಿಟಕಿಯಲ್ಲಿ. ಪುಟ್ಟ ಕಿಟಕಿ ಖಾತೆಯ ಹಣ ನೋಡಲು, ಬೀಗ ಹಾಕಲು ಮಾತ್ರ. ಜಾಲತಾಣದ ಪಕ್ಕದಲ್ಲೇ ವಾಲೆಟ್ ಕಾಣಬೇಕೆಂದರೆ ಕ್ರೋಮ್ 114ರಿಂದ ಬಂದಿರುವ ಪಕ್ಕದ ಫಲಕ ಬಳಸಿ. ಪುಟದ ಒಳಗೇ ವಾಲೆಟ್‌ನ ಚೌಕ ತೇಲಿಸುವ ಆಸೆ ಮಾತ್ರ ಬೇಡ, ಆ ಪುಟ ಅದರ ಮೇಲೆ ತನಗೆ ಬೇಕಾದ ಚಿತ್ರ ಹೊದಿಸಬಲ್ಲದು.

ಕ್ರೋಮ್ ಎಕ್ಸ್‌ಟೆನ್ಷನ್‌ಗಳ ಈಗಿನ ಚೌಕಟ್ಟಾದ ಮ್ಯಾನಿಫೆಸ್ಟ್ ವಿ3ಯಲ್ಲಿ ನಿಮ್ಮ ಸರ್ವಿಸ್ ವರ್ಕರ್ (ಹಿನ್ನೆಲೆಯಲ್ಲಿ ಓಡುವ ಕೋಡ್) 30 ಸೆಕೆಂಡ್ ಕೆಲಸವಿಲ್ಲದಿದ್ದರೆ ನಿಂತುಹೋಗುತ್ತದೆ. ಮೆಮೊರಿಯಲ್ಲಿ ಇಟ್ಟದ್ದೆಲ್ಲ ಅದರೊಂದಿಗೇ ಹೋಗುತ್ತದೆ. ಬಳಕೆದಾರರಿಗೆ ಇದು ಎರಡು ರೂಪದಲ್ಲಿ ಕಾಣುತ್ತದೆ: ಮಾತುಮಾತಿಗೆ ಪಾಸ್‌ವರ್ಡ್ ಕೇಳುವ ವಾಲೆಟ್, ಇಲ್ಲವೇ ಸಹಿ ಒತ್ತಿದರೂ ಜಾಲತಾಣಕ್ಕೆ ಉತ್ತರ ತಲುಪದ ವಾಲೆಟ್. ಬೀಗ ತೆರೆದಿರುವ ಅವಧಿಯ ಕೀಲಿಯನ್ನೂ ಬಾಕಿ ಉಳಿದ ಕೋರಿಕೆಗಳ ಸಾಲನ್ನೂ ಎಕ್ಸ್‌ಟೆನ್ಷನ್ ಎಪಿಐಯ ಸೆಷನ್ ಸ್ಟೋರೇಜ್‌ನಲ್ಲಿಡಿ. ಅದು ಡಿಸ್ಕ್‌ಗೆ ಹೋಗುವುದಿಲ್ಲ, 10 ಎಂಬಿ ಜಾಗವಿದೆ, ಪುಟಗಳಲ್ಲಿ ಓಡುವ ಕಂಟೆಂಟ್ ಸ್ಕ್ರಿಪ್ಟ್‌ಗಳಿಗೆ ತಾನಾಗಿ ತೆರೆದಿರುವುದಿಲ್ಲ. ತಾನೇ ಬೀಗ ಹಾಕಿಕೊಳ್ಳುವ ಸಮಯವನ್ನು ಟೈಮರ್‌ನಿಂದ ಎಣಿಸಬೇಡಿ, ವರ್ಕರ್ ಸತ್ತರೆ ಟೈಮರ್ ಕೂಡ ಸತ್ತಿತು. ಅಲಾರಂ ಎಪಿಐ ಬಳಸಿ, 15 ನಿಮಿಷ ಇಡಿ. ಕಂಪ್ಯೂಟರ್ ಪರದೆಗೆ ಬೀಗ ಬಿದ್ದ ಸುದ್ದಿಯನ್ನು ಐಡಲ್ ಎಪಿಐ ಕೊಡುತ್ತದೆ, ಆಗ ವಾಲೆಟ್ ಕೂಡಲೇ ಮುಚ್ಚಲಿ. ಕೋರಮಂಗಲದ ಹಂಚಿಕೆಯ ಕಚೇರಿಗಳಲ್ಲಿ ಕಾಫಿಗೆ ಎದ್ದು ಹೋದವರ ಲ್ಯಾಪ್‌ಟಾಪ್ ನೆನಪಿಸಿಕೊಂಡು ಇದನ್ನು ಮಾಡಿ.

ಈಗ ಮುಖ್ಯ ಭಾಗ, ಸಹಿಯ ಪರದೆ. ನಿಮ್ಮ ಸಮಯದ ಅರ್ಧವನ್ನಾದರೂ ಇಲ್ಲಿ ಸುರಿಯಿರಿ. ಓದದೆ ಒತ್ತುತ್ತಾರೆ ಎಂದಿರಿ. ಓದಲು ಅಲ್ಲಿ ಏನಿದೆ ನೋಡಿ. ಬಹಳ ವಾಲೆಟ್‌ಗಳು ತೋರಿಸುವುದು ಇಂಥದ್ದನ್ನು:

‘ಕಾಂಟ್ರ್ಯಾಕ್ಟ್ ಇಂಟರ್‌ಆ್ಯಕ್ಷನ್. ಮೊತ್ತ: 0 ಈಥರ್. ಡೇಟಾ: 68 ಬೈಟ್. ಒಪ್ಪಿಗೆ / ರದ್ದು.’

ಸೊನ್ನೆ ಈಥರ್ ಎಂದ ಮೇಲೆ ಹೆದರಲು ಏನಿದೆ? ಆದರೆ ಆ 68 ಬೈಟ್ ಇಆರ್‌ಸಿ-20 ಟೋಕನ್‌ನ (ಇಥೀರಿಯಂ ಮೇಲೆ ಓಡಾಡುವ ನಾಣ್ಯದ) ಅನುಮತಿ ಆಗಿರಬಹುದು, ಅಂದರೆ ಅದನ್ನು ತೆಗೆದುಕೊಳ್ಳಲು ಒಂದು ಕಾಂಟ್ರ್ಯಾಕ್ಟ್‌ಗೆ (ಚೈನ್ ಮೇಲೆ ಓಡುವ ಪ್ರೋಗ್ರಾಂಗೆ) ಕೊಡುವ ಒಪ್ಪಿಗೆ: 4 ಬೈಟ್ ಕೆಲಸದ ಗುರುತು, 32 ಬೈಟ್ ಯಾರಿಗೆ, 32 ಬೈಟ್ ಎಷ್ಟು. ಇದನ್ನು ಬಿಡಿಸಿ ಹೇಳುವುದು ನಿಮ್ಮ ಕೆಲಸ. ಯುಎಸ್‌ಡಿಸಿ ಎಂಬ ಡಾಲರ್ ಟೋಕನ್ ಆದರೆ ಹೀಗೆ:

‘ಈಗ ಹೋಗುವುದು: ಜಾಲದ ಶುಲ್ಕ ಮಾತ್ರ. ಇನ್ನು ಮುಂದೆ: ಈ ಕಾಂಟ್ರ್ಯಾಕ್ಟ್ ನಿಮ್ಮನ್ನು ಮತ್ತೆ ಕೇಳದೆ 500 ಯುಎಸ್‌ಡಿಸಿವರೆಗೆ ತೆಗೆದುಕೊಳ್ಳಬಹುದು. ಎಲ್ಲಿಯವರೆಗೆ: ನೀವು ರದ್ದು ಮಾಡುವ ತನಕ.’

‘ಈಗ’, ‘ಇನ್ನು ಮುಂದೆ’ ಎಂದು ಒಡೆದು ಹೇಳಿದರೆ ಸಹಿ ಹಾಕಿದ ಚೆಕ್ ಕೊಟ್ಟಂತೆ ಎಂಬುದು ತಾನಾಗಿ ಹೊಳೆಯುತ್ತದೆ. ಜಾಲತಾಣಗಳು ಹೆಚ್ಚಾಗಿ ಕೇಳುವುದು 2ರ 256ನೇ ಘಾತಕ್ಕಿಂತ ಒಂದು ಕಡಿಮೆ, ಅಂದರೆ 78 ಅಂಕಿಯ ಸಂಖ್ಯೆ. ಅದನ್ನು ಹಾಗೇ ಸುರಿಯಬೇಡಿ. ‘ಮಿತಿಯಿಲ್ಲ’ ಎಂದು ಬರೆಯಿರಿ, ಪಕ್ಕದಲ್ಲೇ ‘ಈ ಸಲಕ್ಕೆ ಬೇಕಾದಷ್ಟೇ’ ಎಂಬ ಆಯ್ಕೆಯನ್ನು ಮೊದಲೇ ಗುರುತು ಹಾಕಿಡಿ. ಎನ್‌ಎಫ್‌ಟಿಗಳಲ್ಲಿ (ಒಂದೊಂದೂ ಬೇರೆಯೇ ಆದ ಡಿಜಿಟಲ್ ವಸ್ತುಗಳ ಟೋಕನ್) ಇಡೀ ಸಂಗ್ರಹಕ್ಕೆ ಒಮ್ಮೆಲೇ ಅನುಮತಿ ಕೊಡುವ ಕರೆ ಇದೆ. ಅಲ್ಲಿ ‘ನಿಮ್ಮಲ್ಲಿರುವ 7 ಮತ್ತು ಮುಂದೆ ಬರುವ ಎಲ್ಲವೂ’ ಎಂದು ಎಣಿಸಿ ಹೇಳಿ.

ಇದಕ್ಕಿಂತ ಕಪಟದ್ದು ಶುಲ್ಕವಿಲ್ಲದ ಸಹಿ. ಇಐಪಿ-712 (ಇಐಪಿ ಎಂದರೆ ಇಥೀರಿಯಂನ ಮಾನದಂಡ ಪ್ರಸ್ತಾವ) ಬಗೆಯ ಸಹಿಗೆ ಜಾಲದ ಶುಲ್ಕವಿಲ್ಲ, ವ್ಯವಹಾರಗಳ ಪಟ್ಟಿಯಲ್ಲೂ ಕಾಣದು. ‘ಖರ್ಚಿಲ್ಲ ತಾನೇ’ ಎಂದು ಒತ್ತುತ್ತಾರೆ. ಆದರೆ ಇಐಪಿ-2612ರ ಪರ್ಮಿಟ್ ಎಂಬುದು ಇದೇ ದಾರಿಯಲ್ಲಿ ಬರುವ ಅನುಮತಿ. ಸಹಿ ಸಿಕ್ಕ ಕಳ್ಳ ತಾನೇ ಶುಲ್ಕ ಕಟ್ಟಿ ನಿಮ್ಮ ಟೋಕನ್ ಎತ್ತಿಕೊಳ್ಳುತ್ತಾನೆ. ಯಾವುದೇ ಸಂದೇಶದಲ್ಲಿ ಖರ್ಚು ಮಾಡುವವರು, ಮೊತ್ತ, ಗಡುವು ಎಂಬ ಮೂರು ಕಂಡರೆ ಅದನ್ನು ಲಾಗಿನ್ ಸಹಿಯ ಪರದೆಯಲ್ಲಿ ತೋರಿಸಲೇಬೇಡಿ, ಮೇಲಿನ ಅನುಮತಿ ಪರದೆಗೇ ಕಳುಹಿಸಿ. ಲಾಗಿನ್‌ಗೆಂದು ಬರುವ ಸಂದೇಶದಲ್ಲಿರುವ ಜಾಲತಾಣದ ಹೆಸರು ಕೋರಿಕೆ ಬಂದ ಟ್ಯಾಬ್‌ನದಕ್ಕೆ ಹೊಂದದಿದ್ದರೆ ನಿಲ್ಲಿಸಿ. 2025ರ ಮೇ 7ರ ಪೆಕ್ಟ್ರಾ ಎಂಬ ಇಥೀರಿಯಂ ನವೀಕರಣದಿಂದ ಇಐಪಿ-7702 ಬಂದಿದೆ. ಖಾತೆಯ ನಡವಳಿಕೆಯನ್ನೇ ಒಂದು ಕಾಂಟ್ರ್ಯಾಕ್ಟ್‌ಗೆ ಒಪ್ಪಿಸುವ ಸಹಿ ಅದು. ಜಾಲತಾಣಗಳು ಅದನ್ನು ಕೇಳಿದರೆ ಕೊಡದಿರುವುದೇ ಸರಿ. ನೀವು ಪರಿಶೀಲಿಸಿದ ಕಾಂಟ್ರ್ಯಾಕ್ಟ್‌ಗೆ ಮಾತ್ರ, ವಾಲೆಟ್‌ನ ಒಳಗಿನ ಗುಂಡಿಯಿಂದ ಮಾತ್ರ.

ಬಿಡಿಸಲು ಬಾರದ ಕರೆಗಳಿಗೆ ಸಿಮ್ಯುಲೇಷನ್ (ನಿಜವಾಗಿ ಕಳುಹಿಸದೆ ನಡೆಸಿ ನೋಡುವುದು) ಓಡಿಸಿ, ‘ಹೋಗುವುದು ಇದು, ಬರುವುದು ಇದು’ ಎಂದು ತೋರಿಸಿ. ಅದು ಅಂದಾಜು ಎಂಬುದನ್ನು ಮುಚ್ಚಿಡಬೇಡಿ. ಈಗ ಒಂದು ಬಗೆ ನಡೆದು, ಚೈನಿನ ಬ್ಲಾಕ್‌ಗೆ (ದಾಖಲೆಯ ಕಂತೆಗೆ) ಸೇರುವಾಗ ಇನ್ನೊಂದು ಬಗೆ ನಡೆಯುವ ಕಾಂಟ್ರ್ಯಾಕ್ಟ್ ಬರೆಯುವುದು ಕಷ್ಟವಲ್ಲ. ಸಿಮ್ಯುಲೇಷನ್ ಸಿಗದಿದ್ದರೆ ‘ಇದೇನೆಂದು ನಮಗೆ ಓದಲಾಗಲಿಲ್ಲ’ ಎಂದೇ ಹೇಳಿ, ‘ಬೇಡ’ ಗುಂಡಿಯನ್ನು ಮುಂದಿಡಿ. 2025ರ ಫೆಬ್ರವರಿಯಲ್ಲಿ ಬೈಬಿಟ್ ವಿನಿಮಯ ಕೇಂದ್ರದಿಂದ ಸುಮಾರು 150 ಕೋಟಿ ಡಾಲರ್ ಹೋದಾಗ ಸಹಿ ಹಾಕಿದವರು ಹೊಸಬರಲ್ಲ. ಅವರ ಮುಂದಿದ್ದ ವೆಬ್ ಪರದೆ ಒಂದು ಹೇಳಿತ್ತು, ಸಹಿ ಬಿದ್ದದ್ದು ಇನ್ನೊಂದಕ್ಕೆ.

ಗುಂಡಿಗಳ ಮೇಲೆ ‘ಒಪ್ಪಿಗೆ’, ‘ಸರಿ’, ‘ಮುಂದುವರಿಸಿ’ ಬೇಡ. ‘500 ಯುಎಸ್‌ಡಿಸಿಗೆ ಅನುಮತಿ ಕೊಡಿ’, ‘0.02 ಈಥರ್ ಕಳುಹಿಸಿ’ ಎಂದು ಕ್ರಿಯೆಯೇ ಇರಲಿ. ಪರದೆ ಬಂದ ಮೊದಲ ಒಂದು ಸೆಕೆಂಡ್ ಆ ಗುಂಡಿ ಕೆಲಸ ಮಾಡದಿರಲಿ. ಪುಟದಲ್ಲಿ ಎರಡೆರಡು ಸಲ ಒತ್ತಿಸುವ ಆಟ ಆಡಿಸಿ, ಎರಡನೆಯ ಒತ್ತು ನಿಮ್ಮ ಗುಂಡಿಯ ಮೇಲೆ ಬೀಳುವಂತೆ ಮಾಡುವ ತಂತ್ರವಿದೆ. ‘ಬೇಡ’ ಯಾವಾಗಲೂ ಒಂದೇ ಜಾಗದಲ್ಲಿರಲಿ, ಒತ್ತಿದರೆ ಜಾಲತಾಣಕ್ಕೆ ಇಐಪಿ-1193ರ 4001 ಎಂಬ ಉತ್ತರ ಹೋಗಲಿ. ಕೆಂಪು ಬಣ್ಣವನ್ನು ಎಂಜಿನಿಯರ್ ಕೈಗೆ ಕೊಡಬೇಡಿ! ಮಿತಿಯಿಲ್ಲದ ಅನುಮತಿ, ಗೊತ್ತಿರುವ ಮೋಸದ ತಾಣ, ಓದಲಾಗದ ಕರೆ, ಈ ಮೂರಕ್ಕೆ ಮಾತ್ರ ಕೆಂಪು. ದಿನಾ ಕಾಣುವ ಕೆಂಪು ಸಿಲ್ಕ್ ಬೋರ್ಡ್‌ನ ಹಾರ್ನ್ ಇದ್ದಂತೆ, ಯಾರ ಕಿವಿಗೂ ಬೀಳದು.

ಸಂಪರ್ಕ ಕೇಳುವ ಪರದೆಯಲ್ಲಿ ಜಾಲತಾಣದ ಹೆಸರನ್ನು ನೀವೇ ಬರೆಯುತ್ತೀರಿ, ಬ್ರೌಸರ್‌ನ ಕಾವಲು ಅಲ್ಲಿಲ್ಲ. ನಮ್ಮ ಕನ್ನಡದ ಸೊನ್ನೆ ೦ ಇಂಗ್ಲಿಷಿನ ಓ ಅಕ್ಷರದ ತದ್ರೂಪು, ತೆಲುಗಿನದೂ ಹಾಗೆಯೇ. ಹೆಸರಿನಲ್ಲಿ ಎರಡು ಲಿಪಿ ಬೆರೆತಿದ್ದರೆ ಪ್ಯೂನಿಕೋಡ್ ರೂಪವನ್ನೇ (ಬರೀ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದದ್ದನ್ನು) ತೋರಿಸಿ. ವಿಳಾಸದ ಬದಲು ಇಎನ್‌ಎಸ್ ಹೆಸರು ಹಾಕಿದಾಗಲೂ ಅಷ್ಟೆ. ಬ್ರೌಸರ್‌ನಲ್ಲಿ ಬೇರೆ ವಾಲೆಟ್‌ಗಳಿದ್ದರೆ ಯಾರು ಮೊದಲು ಎದ್ದು ನಿಲ್ಲುವುದೆಂಬ ಜಗಳ ಹಿಂದೆ ಇತ್ತು. ಇಐಪಿ-6963 ಅಳವಡಿಸಿದರೆ ಜಾಲತಾಣವೇ ಪಟ್ಟಿ ತೋರಿಸುತ್ತದೆ.

ಕಳುಹಿಸುವ ಪರದೆಯಲ್ಲಿ ಯುಪಿಐ ಮನಸ್ಸು ಹೆಸರು ಹುಡುಕುತ್ತದೆ, ಸಿಗುವುದು 0ಎಕ್ಸ್ ಎಂದು ಶುರುವಾಗುವ 42 ಅಕ್ಷರದ ವಿಳಾಸ. 0ಎಕ್ಸ್ ಆದ ಮೇಲಿನ ಮೊದಲ ನಾಲ್ಕು, ಕೊನೆಯ ನಾಲ್ಕು ತೋರಿಸಿ ನಡುವೆ ಚುಕ್ಕಿ ಇಡುವ ಪದ್ಧತಿಯೇ ಕಳ್ಳರಿಗೆ ದಾರಿಯಾಗಿದೆ. ಆ ಎಂಟು ಅಕ್ಷರ ಹೊಂದುವ ಇನ್ನೊಂದು ವಿಳಾಸ ಹುಟ್ಟಿಸಲು ಸರಾಸರಿ 429 ಕೋಟಿ ಪ್ರಯತ್ನ ಸಾಕು, ಗ್ರಾಫಿಕ್ಸ್ ಕಾರ್ಡ್‌ಗೆ ಅದು ಅಲ್ಪ ಹೊತ್ತಿನ ಕೆಲಸ. ಅಂಥ ವಿಳಾಸದಿಂದ ಪುಡಿಗಾಸು ಕಳುಹಿಸಿ ನಿಮ್ಮ ವ್ಯವಹಾರಗಳ ಪಟ್ಟಿಯಲ್ಲಿ ಕುಳಿತುಕೊಳ್ಳುತ್ತಾರೆ, ಮುಂದಿನ ಸಲ ಪಟ್ಟಿಯಿಂದ ನಕಲು ಮಾಡಿದವರು ಸಿಕ್ಕಿಬೀಳುತ್ತಾರೆ. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೇ 1,155 ಡಬ್ಲ್ಯುಬಿಟಿಸಿ (ಇಥೀರಿಯಂ ಮೇಲಿನ ಬಿಟ್‌ಕಾಯಿನ್ ಟೋಕನ್), ಅಂದರೆ ಸುಮಾರು 6.8 ಕೋಟಿ ಡಾಲರ್ ಕಳುಹಿಸಿಬಿಟ್ಟರು. ಆ ಪ್ರಕರಣದಲ್ಲಿ ಹಣ ಬಹುಮಟ್ಟಿಗೆ ಮರಳಿ ಬಂತು. ‘ಮೊದಲು ಸ್ವಲ್ಪ ಕಳುಹಿಸಿ ನೋಡಿ’ ಎಂಬ ಬುದ್ಧಿಮಾತು ಇಲ್ಲಿ ಅರ್ಧ ಅಪಾಯ, ಏಕೆಂದರೆ ಆ ಸಣ್ಣ ವ್ಯವಹಾರ ಕಂಡ ಮೇಲೆಯೇ ನಕಲಿ ವಿಳಾಸ ಬಂದು ಕೂರುತ್ತದೆ. ಸಣ್ಣ ಮೊತ್ತ ತಲುಪಿದ ಪರದೆಯಲ್ಲೇ ‘ಇದೇ ವಿಳಾಸಕ್ಕೆ ಉಳಿದದ್ದು ಕಳುಹಿಸಿ’ ಎಂಬ ಗುಂಡಿ ಇಡಿ, ಆಗ ಪಟ್ಟಿಯತ್ತ ಯಾರೂ ಹೋಗುವುದಿಲ್ಲ. ವಿಳಾಸವನ್ನು 0ಎಕ್ಸ್ ಬಿಟ್ಟು ನಾಲ್ಕು ನಾಲ್ಕರ ಹತ್ತು ಗುಂಪಾಗಿ ಪೂರ್ತಿ ತೋರಿಸಿ. ವಿಳಾಸ ಪುಸ್ತಕದಲ್ಲಿದ್ದರೆ ಹೆಸರು ದೊಡ್ಡದಾಗಿ ಬರಲಿ, ಇಲ್ಲದಿದ್ದರೆ ‘ಇಲ್ಲಿಗೆ ಮೊದಲ ಸಲ ಕಳುಹಿಸುತ್ತಿದ್ದೀರಿ’ ಎಂದು ಹೇಳಿ. ದೊಡ್ಡಕ್ಷರ ಸಣ್ಣಕ್ಷರ ಬೆರೆತ ವಿಳಾಸವಾದರೆ ಇಐಪಿ-55 ತಾಳೆ ನೋಡಿ. ಪುಡಿಗಾಸಿನ ಟೋಕನ್ ಒಳಬಂದ ಸಾಲುಗಳನ್ನು ಮಡಚಿಡಿ, ಅಲ್ಲಿ ನಕಲು ಗುಂಡಿಯೇ ಬೇಡ.

ಮೊತ್ತದ ಲೆಕ್ಕ ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಯಲ್ಲಿ ಮಾಡಿದರೆ ಸುಮಾರು 0.009 ಈಥರ್ ದಾಟಿದ ಕೂಡಲೇ ಕೊನೆಯ ಅಂಕಿಗಳು ಕೆಡುತ್ತವೆ. ಅದು ತಪ್ಪಿಲ್ಲದೆ ಹಿಡಿಯುವ ಪೂರ್ಣಾಂಕ 2ರ 53ನೇ ಘಾತದವರೆಗೆ, ಒಂದು ಈಥರ್ ಎಂದರೆ 10ರ 18ನೇ ಘಾತದಷ್ಟು ವೇ (ಈಥರ್‌ನ ಅತಿ ಸಣ್ಣ ಘಟಕ). ದೊಡ್ಡ ಪೂರ್ಣಾಂಕಗಳಿಗಾಗಿ ಇರುವ ಬಿಗ್‌ಇಂಟ್ ಬಳಸಿ. ದಶಮಾಂಶವೂ ಟೋಕನ್‌ಗೊಂದು ಬಗೆ: ಈಥರ್‌ಗೆ 18, ಯುಎಸ್‌ಡಿಸಿಗೆ 6, ಡಬ್ಲ್ಯುಬಿಟಿಸಿಗೆ 8.

ಶುಲ್ಕದ ಜಾಗದಲ್ಲಿ ‘ಗ್ಯಾಸ್’ ಎಂದು ಬರೆದರೆ ನಮ್ಮೂರಲ್ಲಿ ಸಿಲಿಂಡರ್ ನೆನಪಾಗುತ್ತದೆ, ‘ಜಾಲದ ಶುಲ್ಕ’ ಎನ್ನಿ. ಸಾದಾ ವರ್ಗಾವಣೆಗೆ 21,000 ಘಟಕ. ದರ 5 ಗ್ವೇ (ಗ್ವೇ ಎಂದರೆ ಈಥರ್‌ನ ನೂರು ಕೋಟಿಯಲ್ಲಿ ಒಂದು ಪಾಲು) ಇದ್ದರೆ 0.000105 ಈಥರ್. ರೂಪಾಯಿಯಲ್ಲಿ ಮುಂದೆ, ಈಥರ್‌ನಲ್ಲಿ ಹಿಂದೆ ತೋರಿಸಿ. ವ್ಯವಹಾರ ವಿಫಲವಾದರೂ ಶುಲ್ಕ ಹೋಗುತ್ತದೆ ಎಂಬುದನ್ನು ಮೊದಲೇ ಹೇಳಿ, ಆಮೇಲೆ ಹೇಳಿದರೆ ಜಗಳ. ಹೊಸಬರು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಯುಎಸ್‌ಡಿಸಿ ಇದೆ, ಶುಲ್ಕಕ್ಕೆ ಈಥರ್ ಇಲ್ಲ ಎಂಬಲ್ಲಿ. ಟೋಕನ್ ತರಿಸಿಕೊಳ್ಳುವ ಪರದೆಯಲ್ಲೇ ‘ಇದನ್ನು ಮುಂದೆ ಕಳುಹಿಸಲು ಸ್ವಲ್ಪ ಈಥರ್ ಕೂಡ ಬೇಕು’ ಎಂಬ ಸಾಲು ಇರಲಿ.

ವ್ಯವಹಾರ ಸಿಕ್ಕಿಕೊಂಡರೆ ಎರಡು ಗುಂಡಿ: ‘ಬೇಗ ಮಾಡು’, ‘ಬಿಟ್ಟುಬಿಡು’. ಎರಡೂ ಅದೇ ಕ್ರಮಸಂಖ್ಯೆಯಲ್ಲಿ ಹೊಸ ವ್ಯವಹಾರ ಕಳುಹಿಸುತ್ತವೆ. ಗೆತ್ ನೋಡ್‌ಗಳ (ಗೆತ್ ತಂತ್ರಾಂಶ ಓಡಿಸುವ ಜಾಲದ ಕಂಪ್ಯೂಟರ್‌ಗಳ) ಸಾಮಾನ್ಯ ನಿಯಮದಂತೆ ಗರಿಷ್ಠ ಶುಲ್ಕ, ಆದ್ಯತೆಯ ಶುಲ್ಕ ಎರಡೂ ಕನಿಷ್ಠ 10% ಹೆಚ್ಚಿರಬೇಕು. ಒಂದನ್ನೇ ಹೆಚ್ಚಿಸಿದರೆ ನೋಡ್ ತಿರಸ್ಕರಿಸುತ್ತದೆ. ಬಿಟ್ಟುಬಿಡುವುದೆಂದರೆ ನಿಮಗೆ ನೀವೇ 0 ಈಥರ್ ಕಳುಹಿಸಿಕೊಳ್ಳುವುದು. ಹಳೆಯದು ಅಷ್ಟರಲ್ಲಿ ಬ್ಲಾಕ್ ಸೇರಿದ್ದರೆ ಏನೂ ಮಾಡಲಾಗದು, ಅದನ್ನೂ ಬರೆಯಿರಿ.

ಕನ್ನಡ ಪರದೆಗೆ ಪ್ರತ್ಯೇಕ ಕೆಲಸವಿದೆ, ಅನುವಾದದ ಕಡತ ತುಂಬಿಸಿದರೆ ಮುಗಿಯದು. ಸಾಲಿನ ಎತ್ತರ 1.2 ಇಟ್ಟರೆ ‘ಕ್ಷೇತ್ರ’, ‘ಒಪ್ಪಿಗೆ’ಗಳ ಒತ್ತಕ್ಷರ ಕತ್ತರಿಸಿ ಹೋಗುತ್ತದೆ, 1.6 ಇಡಿ. ಗುಂಡಿಗೆ ನಿಗದಿತ ಅಗಲ ಬೇಡ. ನೋಟೋ ಸ್ಯಾನ್ಸ್ ಕನ್ನಡ ಫಾಂಟನ್ನು ಎಕ್ಸ್‌ಟೆನ್ಷನ್ ಜೊತೆಗೇ ಕೊಡಿ. ವಾಕ್ಯವನ್ನು ತುಂಡು ಜೋಡಿಸಿ ಕಟ್ಟಬೇಡಿ: ನಮ್ಮಲ್ಲಿ ಕ್ರಿಯಾಪದ ಕೊನೆಗೆ, ವಿಭಕ್ತಿ ಹೆಸರಿಗೆ ಅಂಟಿಕೊಂಡು. ‘ರಮೇಶ’ನಿಗೆ ‘ನಿಗೆ’, ‘ಗೀತಾ’ಗೆ ‘ಗೆ’, ‘ಬ್ಯಾಂಕ್‌’ ಆದರೆ ‘ಬ್ಯಾಂಕಿಗೆ’. ಕೋಡ್‌ಗೆ ಇದು ಗೊತ್ತಾಗದು. ‘ಯಾರಿಗೆ: ಗೀತಾ. ಎಷ್ಟು: 0.02 ಈಥರ್’ ಎಂದು ಸಾಲು ಸಾಲಾಗಿ ಇಟ್ಟರೆ ವ್ಯಾಕರಣವೂ ಉಳಿಯುತ್ತದೆ, ಕಣ್ಣಿಗೂ ಸುಲಭ. ರೂಪಾಯಿ ಮೊತ್ತಕ್ಕೆ 12,34,567 ಎಂಬ ನಮ್ಮ ಅಲ್ಪವಿರಾಮ. ಅಂಕಿ ಮಾತ್ರ 1, 2, 3 ಇರಲಿ, ೧, ೨, ೩ ಬೇಡ. ‘ಮೈನಿಂಗ್’ಗೆ ‘ಗಣಿಗಾರಿಕೆ’ ಎಂದು ಬರೆದು ಬಳ್ಳಾರಿ ನೆನಪಿಸುವ ಅಗತ್ಯವೂ ಇಲ್ಲ, ಇಥೀರಿಯಂ 2022ರ ಸೆಪ್ಟೆಂಬರ್‌ನಲ್ಲೇ ಅದನ್ನು ಬಿಟ್ಟಿದೆ.

ತೆರಿಗೆಗೆಂದು ಒಂದು ಗುಂಡಿ ಬೇಕೇ ಬೇಕು. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ 30% ತೆರಿಗೆ, ಅದೇ ಜುಲೈ 1ರಿಂದ ವರ್ಗಾವಣೆಗೆ 1% ಟಿಡಿಎಸ್. ನಿಮ್ಮ ವಾಲೆಟ್ ಲೆಕ್ಕ ಹಾಕಬೇಕಿಲ್ಲ, ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಪಟ್ಟಿಯನ್ನು ಆ ದಿನದ ರೂಪಾಯಿ ಬೆಲೆಯೊಂದಿಗೆ ಸಿಎಸ್‌ವಿ ಕಡತವಾಗಿ ಕೊಟ್ಟರೆ ಆಡಿಟರ್ ಖುಷಿಪಡುತ್ತಾರೆ. ಸಮಯವನ್ನು ಭಾರತದ ವೇಳೆಗೆ ತಿರುಗಿಸಿ: ಚೈನಿನ ಗಡಿಯಾರದಲ್ಲಿ ಮಾರ್ಚ್ 31ರ ರಾತ್ರಿ 11 ಗಂಟೆ ಎಂದರೆ ಇಲ್ಲಿ ಏಪ್ರಿಲ್ 1ರ ಬೆಳಗಿನ 4:30, ಆರ್ಥಿಕ ವರ್ಷವೇ ಬದಲು. ಬಳಕೆದಾರರ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋದದ್ದನ್ನು ‘ನನ್ನದೇ ವಿಳಾಸ’ ಎಂದು ಗುರುತಿಸಲು ಬಿಡಿ.

ಬಿಡುಗಡೆಗೆ ಮುನ್ನ ಅದೇ ಎಂಟು ಜನರನ್ನಲ್ಲ, ಹೊಸ ಎಂಟು ಜನರನ್ನು ಕೂರಿಸಿ. ಸೆಪೋಲಿಯಾ ಪರೀಕ್ಷಾ ಜಾಲದಲ್ಲಿ, ಚೈನ್ ಸಂಖ್ಯೆ 11155111, ಬೆಲೆಯಿಲ್ಲದ ಈಥರ್ ಕೊಟ್ಟು ಐದು ಸಹಿ ಕೇಳಿಸಿ. ಐದರಲ್ಲಿ ಒಂದು ಮಿತಿಯಿಲ್ಲದ ಅನುಮತಿ, ಇನ್ನೊಂದು ಲಾಗಿನ್‌ನಂತೆ ಕಾಣುವ ಪರ್ಮಿಟ್. ಎಷ್ಟು ಬೇಗ ಮುಗಿಸಿದರು ಎಂದು ಗಡಿಯಾರ ಹಿಡಿಯಬೇಡಿ. ಪ್ರತಿ ಒತ್ತಿನ ನಂತರ ಪರದೆ ಮುಚ್ಚಿ, ‘ಈಗ ಏನು ಹೋಯಿತು? ಮುಂದೆ ಏನು ಹೋಗಬಹುದು?’ ಎಂದು ಕೇಳಿ, ಅವರ ಮಾತನ್ನು ಹಾಗೇ ಬರೆದುಕೊಳ್ಳಿ. ಉತ್ತರ ತಪ್ಪಾದ ಪರದೆಯಲ್ಲಿ ಬಳಕೆದಾರರು ಬಳಸಿದ ಪದಗಳನ್ನೇ ತೆಗೆದುಕೊಂಡು ವಾಕ್ಯ ತಿದ್ದಿ, ಮತ್ತೆ ಬೇರೆ ಎಂಟು ಜನರ ಮುಂದಿಡಿ.